ಮುಚ್ಚಿದರೂ ತೊಟ್ಟಿಕ್ಕುವ ನಲ್ಲಿ

ನಡುರಾತ್ರಿಯ ನಿಶ್ಶಬ್ದದಲ್ಲಿ ನಲ್ಲಿಯಿಂದ ಒಂದೊಂದೇ ಹನಿ ಬೀಳುವ ಸದ್ದನ್ನು ಕೇಳದವರು ವಿರಳ. ಮಲಗಿದವರು ಎದ್ದು ಹೋಗಿ ಬಿಗಿಯಾಗಿ ತಿರುಗಿಸುತ್ತಾರೆ, ಹನಿ ನಿಲ್ಲುವುದಿಲ್ಲ. ಇನ್ನಷ್ಟು ಬಲ ಹಾಕುತ್ತಾರೆ. ಹಿಡಿ ಸಡಿಲವಾದೀತೇ ಹೊರತು ಹನಿ ನಿಲ್ಲದು.

೨೦೧೯ರ ಜೂನ್ ತಿಂಗಳನ್ನು ಚೆನ್ನೈಯಲ್ಲಿದ್ದ ಕನ್ನಡ ಕುಟುಂಬಗಳು ಮರೆಯಲಾರವು. ಊರಿಗೆ ನೀರುಣಿಸುವ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ಕೆರೆಗಳು ಬತ್ತಿ, ಲಾರಿ ನೀರಿಗಾಗಿ ದಾರಿ ಕಾಯಬೇಕಾದ ಕಾಲವದು. ಅದೇ ಹೊತ್ತಿಗೆ ನಮ್ಮ ಅಡುಗೆಮನೆಯ ನಲ್ಲಿ ತೊಟ್ಟಿಕ್ಕತೊಡಗಿತು. ನಮ್ಮ ತಾಯಿಯವರು ಅದರ ಕೆಳಗೊಂದು ಚೊಂಬಿಟ್ಟು, ರಾತ್ರಿ ಎರಡು ಸಲ ಎದ್ದು ಅದನ್ನು ಬಿಂದಿಗೆಗೆ ಸುರಿಯುತ್ತಿದ್ದರು. "ಸಾಕು, ಮಲಗಮ್ಮಾ" ಎಂದರೆ, "ದುಡ್ಡು ಕೊಟ್ಟು ತರಿಸಿದ ನೀರಪ್ಪಾ, ಮೋರಿಗೆ ಬಿಡಲೇ?" ಎನ್ನುತ್ತಿದ್ದರು. ನೀರಿಗಿಂತಲೂ, ಎಂಬತ್ತರ ಹೊಸ್ತಿಲಲ್ಲಿದ್ದ ಜೀವ ಕತ್ತಲಲ್ಲಿ ಒದ್ದೆ ನೆಲದ ಮೇಲೆ ಕಾಲಿಡುವುದೇ ನಮಗೆ ದಿಗಿಲಾಗಿತ್ತು. ಬಂದ ಪ್ಲಂಬರನು ನಲ್ಲಿಯನ್ನೇ ಬದಲಾಯಿಸಬೇಕೆಂದು ಹೇಳಿ ಹೋದನು. ಕೊನೆಗೆ ನಾವೇ ಬಿಚ್ಚಿ ನೋಡಿದೆವು. ಸಿಕ್ಕಿದ್ದು ಸಾಸಿವೆಗಿಂತ ಚಿಕ್ಕದಾದ ಒಂದು ಮರಳಿನ ಕಣ!

ಒಂದು ಸೆಕೆಂಡಿಗೆ ಒಂದು ಹನಿಯೆಂದಿಟ್ಟುಕೊಳ್ಳಿ. ೨೦ ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ದಿನಕ್ಕೆ ೪ ಲೀಟರಿಗೂ ಮೇಲೆ, ವರ್ಷಕ್ಕೆ ೧,೫೦೦ ಲೀಟರಿಗೂ ಮೇಲೆ ನೀರು ಹರಿದುಹೋಯಿತು.

ಹಳೆಯ ಹಿತ್ತಾಳೆಯ ನಲ್ಲಿಯಲ್ಲಿ ತಿರುಪು ಇಳಿದು, ರಬ್ಬರಿನ ವಾಷರನ್ನು ಒತ್ತಿ ನೀರನ್ನು ತಡೆಯುತ್ತದೆ. ಅದಕ್ಕೆ ಬಿಗಿಯುವುದೂ ಒಂದು ಉಪಾಯವೇ. ಕಾಲು ಸುತ್ತಿನಲ್ಲಿ ತೆರೆದು ಮುಚ್ಚುವ ಈಗಿನ ನಲ್ಲಿಯ ಬಗೆ ಬೇರೆ. ಅದರ ಹೊಟ್ಟೆಯಲ್ಲಿ ಕನ್ನಡಿಯಂತೆ ನುಣುಪಾದ ಎರಡು ಸೆರಾಮಿಕ್ ಬಿಲ್ಲೆಗಳಿರುತ್ತವೆ. ಒಂದು ಅಲುಗದು, ಇನ್ನೊಂದು ತಿರುಗುತ್ತದೆ. ತೂತುಗಳು ಒಂದಕ್ಕೊಂದು ಎದುರಾದರೆ ನೀರು ಬರುತ್ತದೆ, ಸರಿದರೆ ನಿಲ್ಲುತ್ತದೆ. ಇಲ್ಲಿ ಬಲಕ್ಕೆ ಕೆಲಸವೇ ಇಲ್ಲ.

ಹಾಗಾದರೆ ಸೋರುವುದೇಕೆ? ಕಾರಣಗಳು ಮುಖ್ಯವಾಗಿ ಮೂರು. ಮರಳೋ ತುಕ್ಕಿನ ಚೂರೋ ಬಿಲ್ಲೆಗಳ ನಡುವೆ ಸಿಕ್ಕಿಕೊಳ್ಳುವುದು, ಇಲ್ಲವೆ ಕೊಳವೆಬಾವಿಯ ಗಡಸು ನೀರಿನ ಸುಣ್ಣ ಪದರಗಟ್ಟುವುದು ಮೊದಲನೆಯದು. ಬಿಲ್ಲೆಗಳ ಅಡಿಯ ರಬ್ಬರ್ ಉಂಗುರ ಸವೆಯುವುದು ಎರಡನೆಯದು. ಬಿಲ್ಲೆಯೇ ಗೀರುಬಿದ್ದು ಸೀಳುವುದು ಮೂರನೆಯದು. ಹನಿ ಬಾಯಿಂದ ಬೀಳದೆ ಹಿಡಿಯ ಬುಡದಲ್ಲಿ ಜಿನುಗಿದರೆ, ದೋಷ ಕಡ್ಡಿಯ ಸುತ್ತಲಿನ ಉಂಗುರದ್ದು.

ರಿಪೇರಿ ಕಷ್ಟವಲ್ಲ. ಮೊದಲು ಆ ನಲ್ಲಿಗೆ ಬರುವ ನೀರನ್ನು ಕೆಳಗಿನ ವಾಲ್ವಿನಲ್ಲಿ, ಅದಿಲ್ಲವಾದರೆ ಟ್ಯಾಂಕಿನ ಬಳಿ ನಿಲ್ಲಿಸಬೇಕು. ನಲ್ಲಿ ತೆರೆದು ಉಳಿದ ನೀರನ್ನು ಹೊರಬಿಡಿ. ಸಿಂಕಿನ ತೂತಿಗೆ ಬಟ್ಟೆ ಹಾಸಿ. ಚಿಕ್ಕ ಸ್ಕ್ರೂ ಒಳಗೆ ಬಿದ್ದರೆ ಮರಳಿ ಸಿಗದು. ಹಿಡಿಯ ಮೇಲಿನ ಮುಚ್ಚಳವನ್ನು ಮೆಲ್ಲನೆ ಎಬ್ಬಿಸಿ, ಸ್ಕ್ರೂ ತೆಗೆದು, ಹಿಡಿಯನ್ನು ಕಳಚಿ. ಕೆಳಗಿರುವ ಭಾಗವನ್ನು ಅಂಗಡಿಯವರು ಸ್ಪಿಂಡಲ್ ಎಂದೋ ಕಾರ್ಟ್ರಿಜ್ ಎಂದೋ ಕರೆಯುತ್ತಾರೆ. ಸ್ಪ್ಯಾನರಿನಿಂದ ಅದನ್ನು ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ.

ಉಂಗುರ, ಬಿಲ್ಲೆಗಳು ಇದ್ದ ಕ್ರಮವನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಮುಂದೆ ಗೊಂದಲವಿಲ್ಲ. ಸುಣ್ಣ ಕಟ್ಟಿದ್ದರೆ ಬಿಲ್ಲೆಗಳನ್ನು ಅರ್ಧ ಗಂಟೆ ವಿನೆಗರಿನಲ್ಲಿ ನೆನೆಸಿ, ಮೆತ್ತನೆಯ ಬಟ್ಟೆಯಿಂದ ಒರೆಸಿ ತೊಳೆಯಿರಿ. ಚಾಕುವಿನಿಂದ ಕೆರೆಯಬಾರದು, ಬಚ್ಚಲು ತೊಳೆಯುವ ಆಸಿಡ್ ಅಂತೂ ಬೇಡವೇ ಬೇಡ. ಉಂಗುರ ಚಪ್ಪಟೆಯಾಗಿದ್ದರೆ ಹೊಸದನ್ನು ಹಾಕಿ. ಬಿಲ್ಲೆಯಲ್ಲಿ ಗೀರು ಕಂಡರೆ ಸ್ಪಿಂಡಲನ್ನೇ ಬದಲಾಯಿಸಬೇಕು. ಆಗ ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಉದ್ದ, ತಲೆಯ ಹಲ್ಲುಗಳ ಎಣಿಕೆ, ತಿರುಗುವ ದಿಕ್ಕು ಮೂರೂ ಹೊಂದಬೇಕು. ಬಿಸಿನೀರಿನದೂ ತಣ್ಣೀರಿನದೂ ಎದುರುಬದುರಾಗಿ ತಿರುಗುವುದುಂಟು.

ಮರಳಿ ಕೂಡಿಸುವಾಗ ನಲ್ಲಿ ತೆರೆದ ಸ್ಥಿತಿಯಲ್ಲಿರಲಿ. ಬಿಗಿ ಹದವಾಗಿರಲಿ. ವಾಲ್ವನ್ನು ನಿಧಾನವಾಗಿ ತೆರೆದು, ಸ್ವಲ್ಪ ಹೊತ್ತು ನೀರು ಹರಿಯಬಿಟ್ಟು, ಆಮೇಲೆ ಮುಚ್ಚಿ. ನೀರು ನಿಂತು ಬಂದ ದಿನ ಕೊಳವೆಯ ಮರಳೆಲ್ಲ ಒಟ್ಟಿಗೆ ಬರುವುದರಿಂದ, ಆಗಲೂ ನಲ್ಲಿಯನ್ನು ಮೆಲ್ಲನೆ ತೆರೆಯುವ ರೂಢಿ ಒಳ್ಳೆಯದು.

ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಹಿಡಿದದ್ದು ಮುಕ್ಕಾಲು ಗಂಟೆ, ಕಾಸೂ ಖರ್ಚಾಗಲಿಲ್ಲ. ಅಂದು ರಾತ್ರಿಯೂ ತಾಯಿಯವರು ರೂಢಿಯಂತೆ ಚೊಂಬನ್ನು ಇಟ್ಟೇ ಮಲಗಿದರು. ಬೆಳಿಗ್ಗೆ ಎದ್ದು ನೋಡಿದರೆ ಅದು ಒಣಗಿತ್ತು. ಅವರು ಮಾತನಾಡದೆ ಅದನ್ನು ಬೆಳಗಿ ಕಪಾಟಿನಲ್ಲಿಟ್ಟರು.