ಬಿಸಿನೀರಿಗೆ ಹೀಟ್ ಪಂಪ್: ನಮ್ಮ ಮನೆಗೆ ಒಗ್ಗೀತೆ?

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಬಂಧುಗಳ ಮನೆಗಳಲ್ಲಿ ಹಂಡೆಯೊಲೆಯ ಜಾಗಕ್ಕೆ ಗೀಸರ್ ಬಂದಿತು. ಈಗ ಹೀಟ್ ಪಂಪಿನ ಮಾತು ಕೇಳುತ್ತಿದ್ದೇವೆ. ಫ್ರಿಜ್ ತನ್ನೊಳಗಿನ ಶಾಖವನ್ನು ಹೊರದೂಡುವಂತೆ, ಇದು ಹೊರಗಾಳಿಯ ಶಾಖವನ್ನು ಹೀರಿ ನೀರಿಗೆ ಸೇರಿಸುತ್ತದೆ. ಆದುದರಿಂದ 1 ಯೂನಿಟ್ ವಿದ್ಯುತ್ತಿಗೆ ಸುಮಾರು 3 ಯೂನಿಟ್ಟಿನಷ್ಟು ಶಾಖ ದೊರೆಯುತ್ತದೆ. ಬೆಚ್ಚನೆಯ ಗಾಳಿಯೇ ಇದರ ಬಂಡವಾಳ. ನಮ್ಮ ಬಯಲುಸೀಮೆಯಲ್ಲಿ ಅದಕ್ಕೇನು ಕೊರತೆ!

ಆದರೆ ಬಿಸಿಲಿಗೂ ಕೊರತೆಯಿಲ್ಲವಷ್ಟೆ. ಸ್ವಂತ ಮಾಳಿಗೆಯುಳ್ಳ ನಾಲ್ಕೈದು ಜನರ ಸಂಸಾರಕ್ಕೆ ಸೋಲಾರ್ ಹೀಟರೇ ಲೇಸೆಂದು ನಮ್ಮ ಎಣಿಕೆ. ನೆರಳು ಬೀಳುವ ಮಾಳಿಗೆ, ಅವಿಭಕ್ತ ಕುಟುಂಬ, ವಿದ್ಯಾರ್ಥಿನಿಲಯ—ಇಂಥಲ್ಲಿ ಹೀಟ್ ಪಂಪಿಗೆ ಹಾಕಿದ ಹಣ ಮರಳೀತು. ಇದು ನಿಧಾನವಾಗಿ ಕಾಯಿಸುವುದರಿಂದ, ನಸುಕಿನಲ್ಲಿ ಕರೆಂಟು ಹೋಗುವ ಊರಿನವರು ದೊಡ್ಡ ಟ್ಯಾಂಕನ್ನೇ ಕೊಳ್ಳಬೇಕು. ಕೊಳವೆಬಾವಿಯ ಗಡಸು ನೀರಾದರೆ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಪದರವೇ ಯಂತ್ರದಲ್ಲಿಯೂ ಕಟ್ಟುವುದು. ಮೊದಲು ನೀರನ್ನು ಪರೀಕ್ಷಿಸಿರಿ. ಯಂತ್ರವನ್ನು ಗಾಳಿಯಾಡುವ ಹಿತ್ತಿಲಲ್ಲಿರಿಸಿರಿ, ಮುಚ್ಚಿದ ಬಚ್ಚಲಿನಲ್ಲಲ್ಲ.