ಹುಲಿಯ ಹೊಟ್ಟೆಯಲ್ಲಿ ಏನಿದೆ?

ಕತ್ರಿಗುಪ್ಪೆಯ ಯಾವುದಾದರೂ ಹಳೆಯ ಮನೆಯ ಅಟ್ಟದಿಂದ ಕೀಲಿ ಕೊಡುವ ತಗಡಿನ ಕಾರೊಂದು ಕೆಳಗಿಳಿದರೆ, ಇಂದಿನ ಮಕ್ಕಳು ಮೊದಲು ಹುಡುಕುವುದು ಬ್ಯಾಟರಿಯ ಜಾಗವನ್ನು. ಅದಿಲ್ಲ. ಹಾಗಾದರೆ ಕಾರನ್ನು ಓಡಿಸುವುದು ಯಾರು? ಕೀಲಿ ತಿರುಗಿಸಿದ ಬೆರಳುಗಳೇ! ಆ ಬಲವನ್ನು ಉಕ್ಕಿನ ಸುರುಳಿ ಸ್ಪ್ರಿಂಗ್ ಹಿಡಿದಿಟ್ಟು, ಬಿಚ್ಚಿಕೊಳ್ಳುವಾಗ ಹಲ್ಲುಚಕ್ರಗಳ ಮೂಲಕ ಗಾಲಿಗಳಿಗೆ ದಾಟಿಸುತ್ತದೆ.

ಇಂಥ ಯಂತ್ರದ ಆಟಿಕೆಗಳಲ್ಲಿ ನಮ್ಮ ನಾಡಿನ ಹಿರಿಯಣ್ಣನೆಂದರೆ ಟಿಪ್ಪುವಿನ ಹುಲಿ. ಐರೋಪ್ಯನೊಬ್ಬನ ಮೇಲೆರಗಿರುವ ಈ ಮರದ ಹುಲಿಯ ಉದ್ದ ಸುಮಾರು 178 ಸೆಂಟಿಮೀಟರ್. ಇದಕ್ಕೆ ಕೀಲಿ ಕೊಟ್ಟು ಸುಮ್ಮನಾಗುವಂತಿಲ್ಲ, ಹಿಡಿಯನ್ನು ತಿರುಗಿಸುತ್ತಲೇ ಇರಬೇಕು. ಆಗ ಒಳಗಿನ ತಿದಿ (ಕಮ್ಮಾರನ ಕುಲುಮೆಯಲ್ಲಿರುವಂಥದೇ) ಮನುಷ್ಯನ ಗಂಟಲಿನ ಕೊಳವೆಗೆ ಗಾಳಿ ನೂಕುತ್ತದೆ, ನರಳಾಟ ಕೇಳಿಸುತ್ತದೆ. ಅವನ ಎಡಗೈ ಎದ್ದು ಬಿದ್ದಂತೆ ಆ ಸ್ವರವೂ ಬದಲಾಗುತ್ತದೆ. ಗುಟುರು ಹಾಕಲು ಹುಲಿಯ ತಲೆಯಲ್ಲಿ ಬೇರೆಯದೇ ಏರ್ಪಾಡು. ಸಾಲದೆಂಬಂತೆ, ಪಕ್ಕೆಯ ಮುಚ್ಚಳ ತೆಗೆದರೆ ದಂತದ ಮನೆಗಳುಳ್ಳ ಪುಟ್ಟದೊಂದು ಆರ್ಗನ್!

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹುಲಿ ಕೊಳ್ಳೆಯ ಪಾಲಾಗಿ ಲಂಡನ್ ಸೇರಿತು. 1808ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅದನ್ನು ತನ್ನ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿತು. ಬಂದವರೆಲ್ಲ ಹಿಡಿ ತಿರುಗಿಸುವವರೇ. ಅಲ್ಲಿಯೇ ಕುಳಿತು ಓದುತ್ತಿದ್ದ ಪಂಡಿತರಿಗೆ ತಲೆನೋವು! ಕೆಲವು ದಶಕಗಳಲ್ಲಿ ಹಿಡಿಯೇ ಕಾಣೆಯಾಯಿತು. ಈಗ ಅದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿದೆ.

ಆ ಹುಲಿಯನ್ನು ನಮ್ಮ ಮಕ್ಕಳು ಮುಟ್ಟುವಂತಿಲ್ಲ. ಅಟ್ಟದ ಕಾರನ್ನಾದರೂ ಬಿಚ್ಚಿ ನೋಡಲಿ ಬಿಡಿ. ಕೀಲಿ ಪೂರ್ತಿ ಇಳಿದ ಮೇಲೆ ಮಾತ್ರ. ಇಲ್ಲವಾದರೆ ಸ್ಪ್ರಿಂಗ್ ಮುಖಕ್ಕೇ ಚಿಮ್ಮೀತು.