ಆ ಬಟನ್ ಒತ್ತುವುದು ಯಾವಾಗ?

ಅರಸೀಕೆರೆಯಿಂದ ಜಾವಗಲ್ ದಾಟಿ ಹಳೇಬೀಡು, ಬೇಲೂರಿನ ಕಡೆಗೆ ಸುಗ್ಗಿಯ ದಿನಗಳಲ್ಲಿ ಕಾರು ಓಡಿಸಿದವರಿಗೆ ಗೊತ್ತು, ಡಾಂಬರು ರಸ್ತೆಯೇ ಅಲ್ಲಿ ಕಣ. ರಾಗಿ, ಹುರುಳಿಯನ್ನು ರಸ್ತೆಗೆ ಹರವಿರುತ್ತಾರೆ. ಹೋಗಿಬರುವ ವಾಹನಗಳೇ ಒಕ್ಕಣೆ ಮಾಡಿಕೊಡಬೇಕು. ಒಣಹುಲ್ಲು ಜಾರುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದೇ. ಅದರಡಿಯ ಹುರುಳಿ ಕಾಳು ಇನ್ನೂ ಅಪಾಯಕಾರಿ. ಸೈಕಲ್ ಚಕ್ರದ ಗುಂಡುಗಳಂತೆ ಅದು ಟೈರಿನ ಕೆಳಗೆ ಉರುಳುತ್ತದೆ. ಎಡಗಾಲಿಗಳು ಹುಲ್ಲಿನ ಮೇಲೆ, ಬಲಗಾಲಿಗಳು ಬರಿಯ ಡಾಂಬರಿನ ಮೇಲೆ ಇದ್ದಾಗ ಬ್ರೇಕ್ ಒತ್ತಿದರೆ ಎರಡೂ ಕಡೆಯ ಘರ್ಷಣೆ ಸಮನಾಗಿರದೆ ಕಾರು ಬಲಕ್ಕೆ ತಿರುಗಲು ನೋಡುತ್ತದೆ.

ಇಂಥ ಹೊತ್ತಿನಲ್ಲಿ ನೆರವಿಗೆ ಬರುವುದೇ ಸ್ಟೆಬಿಲಿಟಿ ಕಂಟ್ರೋಲ್. ಸ್ಟೀರಿಂಗ್ ಯಾವ ಕಡೆಗಿದೆ, ಕಾರು ನಿಜವಾಗಿ ಎಷ್ಟು ತಿರುಗುತ್ತಿದೆ, ಒಂದೊಂದು ಚಕ್ರದ ವೇಗವೆಷ್ಟು ಎಂದು ಅದರ ಸೆನ್ಸರ್‌ಗಳು ಅಳೆಯುತ್ತಲೇ ಇರುತ್ತವೆ. ಬಲ ತಿರುವಿನಲ್ಲಿ ಕಾರಿನ ಹಿಂಭಾಗ ಹೊರಕ್ಕೆ ಜಾರಿತೆನ್ನಿ. ಮುಂದಿನ ಎಡಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ಕಾರನ್ನು ಹಾದಿಗೆ ತರುತ್ತದೆ. ಒಂದೇ ಚಕ್ರಕ್ಕೆ ಬ್ರೇಕ್ ಹಾಕುವುದು ಎಂಥ ನುರಿತ ಚಾಲಕನ ಕಾಲಿಗೂ ಸಾಧ್ಯವಿಲ್ಲ! ಬಾಷ್ ಮತ್ತು ಮರ್ಸಿಡಿಸ್ ಕಂಪನಿಗಳು 1995ರಲ್ಲಿ ಇದನ್ನು ದುಬಾರಿ ಕಾರುಗಳಿಗೆ ತಂದವು. 1997ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು, ಕಡವೆಗಿಂತ ದೊಡ್ಡದಾದ ಮೂಸ್ ಅಡ್ಡ ಬಂದರೆ ಏನಾದೀತೆಂದು ಪರೀಕ್ಷಿಸುವಾಗ (ನಮ್ಮಲ್ಲಾದರೆ ಎಮ್ಮೆ ಎನ್ನಿ) ಮರ್ಸಿಡಿಸ್‌ನ ಸಣ್ಣ ಕಾರು ಮಗುಚಿತು. ಆಮೇಲೆ ಆ ಸಣ್ಣ ಕಾರಿಗೂ ಈ ಸಾಧನ ಬಂತು.

ಇಷ್ಟು ಒಳ್ಳೆಯದಾದರೆ ಆರಿಸಲು ಬಟನ್ ಏಕೆ? ಕೆಸರಿಗಾಗಿ. ಮಳೆಯ ಮರುದಿನ ತೆಂಗಿನ ತೋಟಕ್ಕೆ ಇಳಿಸಿದ ಕಾರು ಹೂತುಕೊಂಡಿದೆ ಎಂದುಕೊಳ್ಳಿ. ಎಳೆಯುವ ಎರಡೂ ಚಕ್ರ ಸುಮ್ಮನೆ ಸುತ್ತುತ್ತವೆ. ‘ಜಾರುತ್ತಿದೆ’ ಎಂದು ತಿಳಿದು ಕಾರು ತಾನೇ ಎಂಜಿನ್ನಿನ ಬಲ ತಗ್ಗಿಸುತ್ತದೆ. ನೀವು ಆಕ್ಸಿಲರೇಟರ್ ಒತ್ತಿದಷ್ಟೂ ಅದು ಮುಗ್ಗರಿಸುತ್ತದೆ. ಆಗ ಮಾತ್ರ ಆರಿಸಿ.

ಕಾರು ನಿಂತಿರುವಾಗ, ಜಾರುತ್ತಿರುವ ಕಾರಿನ ಹಿಂದೆ ಹಾವಿನಂಥ ಗೆರೆಗಳಿರುವ ಚಿತ್ರದ ಬಟನ್ ಒತ್ತಿರಿ. ಹಲವು ಕಾರುಗಳಲ್ಲಿ ಒಮ್ಮೆ ಒತ್ತಿದರೆ ಚಕ್ರ ಸುತ್ತುವುದನ್ನು ತಡೆಯುವ ಭಾಗವಷ್ಟೇ ಆರುತ್ತದೆ. ಕೆಸರಿಗೆ ಅಷ್ಟೇ ಸಾಕು. ಕೆಲವು ಸೆಕೆಂಡು ಒತ್ತಿ ಹಿಡಿದರೆ ಪೂರ್ತಿ ಆರುತ್ತದೆ. ಕೆಲವು ಕಾರುಗಳಲ್ಲಿ ಬಟನ್ನೇ ಇರುವುದಿಲ್ಲ, ಆದ್ದರಿಂದ ಕಾರಿನ ಜೊತೆ ಬಂದ ಪುಸ್ತಕವನ್ನು ಒಮ್ಮೆ ಬಿಡಿಸಿ ನೋಡುವುದು ಲೇಸು. ಚಕ್ರದಡಿ ತೆಂಗಿನ ಗರಿ ಕೊಟ್ಟು, ಹಿಂದೆ ಯಾರೂ ನಿಲ್ಲದಂತೆ ನೋಡಿಕೊಂಡು, ಮೆಲ್ಲಗೆ ಹಿಂದೆ ಮುಂದೆ ತೂಗಿದರೆ ಕಾರು ಮೇಲೆ ಬಂದೀತು. ಬಂದ ಕೂಡಲೇ ಬಟನ್ ಒತ್ತಿ ಮತ್ತೆ ಚಾಲೂ ಮಾಡಿರಿ.

ಇದನ್ನು ಆರಿಸಿದರೆ ‘ಪಿಕಪ್’ ಹೆಚ್ಚುತ್ತದೆಂದು ನಂಬಿದ ಹುಡುಗರಿದ್ದಾರೆ. ಎಂಜಿನ್ನಿನ ಬಲ ಎಳ್ಳಷ್ಟೂ ಹೆಚ್ಚುವುದಿಲ್ಲ, ಹೋಗುವುದು ಕಾವಲು ಮಾತ್ರ. ಮಳೆ ಬಂದು ರಸ್ತೆ ಜಾರುತ್ತಿದೆ ಎಂದು ಆರಿಸುವವರೂ ಉಂಟು. ಇದು ಸೋರುವ ಮನೆಯಲ್ಲಿ ಕುಳಿತು ಕೊಡೆ ಮಡಚಿದಂತೆ.

ಓಡುವಾಗ ಆ ದೀಪ ಮಿನುಗಿದರೆ ಸಾಧನ ಕೆಲಸ ಮಾಡುತ್ತಿದೆ ಎಂದರ್ಥ, ವೇಗ ಇಳಿಸಿರಿ. ನೀವು ಆರಿಸದೆಯೂ ಅದು ಒಂದೇ ಸಮನೆ ಉರಿಯುತ್ತಿದ್ದರೆ ಎಲ್ಲೋ ದೋಷವಿದೆ. ಚಕ್ರದ ಬಳಿಯ ಸೆನ್ಸರ್‌ಗೆ ತೋಟದ ಕೆಸರು ಮೆತ್ತಿದ್ದರೂ ಹೀಗಾಗುವುದುಂಟು. ತೊಳೆದು ನೋಡಿ, ಹೋಗದಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ.